ವಾಟರ್‌ಜೆಟ್ ಯಂತ್ರದ ಪದಗಳು: ಕರ್ಫ್, ಟೇಪರ್, ಇಂಟೆನ್ಸಿಫೈಯರ್

ಎಲ್ಲರಿಗೂ ನಮಸ್ಕಾರ.

ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡೊಂದು ವಾಟರ್‌ಜೆಟ್ ಯಂತ್ರ, ಅಂದರೆ ಭಾರಿ ಒತ್ತಡದ ನೀರು ಚಿಮ್ಮಿಸಿ ತಗಡು ಕೊಯ್ಯುವ ಯಂತ್ರ, ಕೊಳ್ಳಲು ಹೊರಟಿದೆ. ಎರಡು ಕಂಪನಿಗಳ ದರಪಟ್ಟಿ ಬಂದಿವೆ. ಮಾಲೀಕರಿಗೂ ಯಂತ್ರ ನಡೆಸುವ ಹುಡುಗರಿಗೂ ತಿಳಿಯುವ ಹಾಗೆ ಎರಡನ್ನೂ ಹೋಲಿಸಿ ಕನ್ನಡದಲ್ಲಿ ಬರೆದುಕೊಡಬೇಕಾಗಿದೆ. ಪಂಪ್, ನಾಝಲ್, ವಾಟರ್‌ಜೆಟ್ ಎಂಬ ಇಂಗ್ಲಿಷ್ ಪದಗಳನ್ನು ಮುಟ್ಟುವುದಿಲ್ಲ. 'ಜಲಧಾರಾ ಛೇದಕ' ಎಂದರೆ ಶೆಡ್ಡಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಮೊದಲ ತೊಡಕು ಪಂಪಿನದು. ಇಂಟೆನ್ಸಿಫೈಯರ್‌ಗೆ 'ಒತ್ತಡವರ್ಧಕ' ಎಂದು ಬರೆಯಬಹುದು, ಆದರೆ ಒತ್ತಡವನ್ನು ಹೆಚ್ಚಿಸದ ಪಂಪ್ ಯಾವುದು? ಇಲ್ಲಿ ಆಯ್ಕೆ ನಿಂತಿರುವುದೇ ಎರಡು ಬಗೆಯ ಪಂಪ್‌ಗಳ ವ್ಯತ್ಯಾಸದ ಮೇಲೆ. ಒಂದರಲ್ಲಿ, ಅಂದರೆ ಇಂಟೆನ್ಸಿಫೈಯರ್‌ನಲ್ಲಿ, ಎಣ್ಣೆ ದೊಡ್ಡ ಪಿಸ್ಟನ್ನನ್ನು ನೂಕುತ್ತದೆ, ಅದರ ತುದಿಯ ಸಣ್ಣ ಪ್ಲಂಜರ್ ನೀರನ್ನು ಒತ್ತುತ್ತದೆ. ಎರಡರ ವಿಸ್ತೀರ್ಣಕ್ಕೆ ಸುಮಾರು 20 ಪಟ್ಟು ಅಂತರವಿದ್ದರೆ ಎಣ್ಣೆಯ 200 ಬಾರ್ ನೀರಿನಲ್ಲಿ 4,000 ಬಾರ್ ಆಗುತ್ತದೆ. ಇನ್ನೊಂದರಲ್ಲಿ ಎಣ್ಣೆಯ ನಡುವಾಟವಿಲ್ಲ. ಮೋಟಾರು ತಿರುಗಿಸುವ ಕ್ರ್ಯಾಂಕ್ ನೇರವಾಗಿ ಪ್ಲಂಜರ್‌ಗಳನ್ನು ಆಡಿಸುತ್ತದೆ. ಇದರಲ್ಲಿ ಮೋಟಾರಿನ ಶಕ್ತಿಯ ಹೆಚ್ಚು ಪಾಲು ನೀರಿಗೆ ಸೇರುತ್ತದೆ, ಕರೆಂಟಿನ ಬಿಲ್ಲು ಹಗುರ. ಎಣ್ಣೆಯದು 6,000 ಬಾರ್‌ವರೆಗೂ ಏರಬಲ್ಲದು, ನೀರನ್ನು ಮತ್ತೆ ಮತ್ತೆ ನಿಲ್ಲಿಸಿ ಬಿಡುವ ಕೆಲಸಕ್ಕೂ ಒಂದೇ ಪಂಪಿಗೆ ನೀರು ಚಿಮ್ಮಿಸುವ ಹಲವು ಹೆಡ್ ಜೋಡಿಸುವುದಕ್ಕೂ ಒಗ್ಗುತ್ತದೆ. ಹಾಗಾಗಿ 'ಎಣ್ಣೆನೂಕು ಪಂಪ್', 'ನೇರ ಕ್ರ್ಯಾಂಕ್ ಪಂಪ್' ಎಂದು ಬರೆದಿದ್ದೇನೆ. ಮೊದಲನೆಯದು ಕಿವಿಗೆ ಒರಟಾಗಿದೆ ಎನ್ನುವವರು ಇದಕ್ಕಿಂತ ಒಳ್ಳೆಯದನ್ನು ಕೊಡಲಿ.

ಲೋಹ ಕೊಯ್ಯಲು ನೀರಿಗೆ ಬೆರೆಸುವ ಗಾರ್ನೆಟ್ಟಿಗೆ ನಿಘಂಟಿನ ದಾರಿ ಹಿಡಿದರೆ 'ಗೋಮೇಧಿಕ' ಸಿಗುತ್ತದೆ. ನಿಮಿಷಕ್ಕೆ 300–400 ಗ್ರಾಂ ಗೋಮೇಧಿಕ ಬೇಕು ಎಂದು ಬರೆದರೆ ಮಾಲೀಕರು ಉಂಗುರ ನೋಡಿಕೊಂಡಾರು! ಗೋಮೇಧಿಕ ಗಾರ್ನೆಟ್ ಕುಲದ ಒಂದು ಹರಳು ಮಾತ್ರ. ಯಂತ್ರಕ್ಕೆ ಸುರಿಯುವುದು ಹೆಚ್ಚಾಗಿ ಅಲ್ಮಂಡೈನ್ ಎಂಬ ಇನ್ನೊಂದು ಬಗೆಯ ಕೆಂಪು ಮರಳು. ಅದನ್ನು 'ಗಾರ್ನೆಟ್ ಮರಳು' ಎಂದೇ ಬಿಟ್ಟೆ. ತಮಾಷೆಯೆಂದರೆ ನವರತ್ನ ಈ ಯಂತ್ರದಲ್ಲಿ ನಿಜವಾಗಿಯೂ ಇದೆ: ನೀರು ಹೊರಚಿಮ್ಮುವ ಕೂದಲೆಳೆಯಷ್ಟು ಸಣ್ಣ ರಂಧ್ರವನ್ನು ಮಾಣಿಕ್ಯ, ನೀಲ ಅಥವಾ ವಜ್ರದಲ್ಲಿ ಕೊರೆದಿರುತ್ತಾರೆ. ವಜ್ರದ್ದಕ್ಕೆ ಬೆಲೆಯೂ ಹೆಚ್ಚು, ಬಾಳಿಕೆಯೂ ಹೆಚ್ಚು. ಹೀಗೆ ಉಜ್ಜಿ ಕೊಯ್ಯುವ ಪುಡಿಗೆ, ಅಂದರೆ ಅಬ್ರೇಸಿವ್‌ಗೆ, ಪಠ್ಯಪುಸ್ತಕದ 'ಅಪಘರ್ಷಕ'ಕ್ಕಿಂತ 'ಸಾಣೆಪುಡಿ' ವಾಸಿ ಅನ್ನಿಸುತ್ತದೆ. ಆಕ್ಷೇಪವಿದ್ದರೆ ತಿಳಿಸಿ.

ಕರ್ಫ್, ಅಂದರೆ ಕೊಯ್ಯುವಾಗ ಪುಡಿಯಾಗಿ ಹೋಗುವ ಅಗಲ. ಮರಗೆಲಸದಲ್ಲಿ ಗರಗಸ 'ತಿನ್ನುತ್ತದೆ' ಎನ್ನುತ್ತೇವಲ್ಲ, ಅದನ್ನೇ ಹಿಡಿದು 'ತಿನ್ನಗಲ' ಎನ್ನಬಹುದೇ? ಸಾಣೆಪುಡಿ ಬೆರೆತ ನೀರು ಸುಮಾರು 1 ಮಿಲಿಮೀಟರ್ ತಿನ್ನುತ್ತದೆ. 'ಸೀಳು' ನನಗೆ ಒಪ್ಪಿಗೆಯಿಲ್ಲ. ಸೌದೆ ಸೀಳಿದರೆ ನಡುವೆ ಏನೂ ಕಳೆದುಹೋಗುವುದಿಲ್ಲ.

ನಿಜವಾಗಿ ಕೈಕಟ್ಟಿರುವುದು ಟೇಪರ್. ದಪ್ಪ ತಗಡನ್ನು ವೇಗವಾಗಿ ಕೊಯ್ದರೆ ಸಂದು ಮೇಲೆ ಅಗಲ, ಕೆಳಗೆ ಇಕ್ಕಟ್ಟು. ನಿಧಾನ ಮಾಡಿದರೆ ಕಡಿಮೆಯಾಗುತ್ತದೆ, ಆದರೆ ಸಮಯವೂ ಮರಳೂ ಹಾಳು. ಹೆಡ್ ತುಸು ವಾಲಿ ಇದನ್ನು ಸರಿಪಡಿಸುವ ಐದು ಅಕ್ಷದ ಯಂತ್ರಕ್ಕೆ ಹೆಚ್ಚು ಹಣ ತೆರಬೇಕು. ನಾನು 'ಓರೆ' ಎಂದು ಬರೆದಿದ್ದೆ. ಅದೇ ಯಂತ್ರ ವೆಲ್ಡಿಂಗ್‌ಗೆ ಬೇಕಾದ ಬೆವೆಲ್ (ಬೇಕೆಂದೇ ಇಳಿಜಾರಾಗಿಸಿದ) ಅಂಚನ್ನೂ ಕೊಯ್ಯುತ್ತದೆ, ಅದೂ ಓರೆಯೇ! 'ಈ ಯಂತ್ರದಲ್ಲಿ ಓರೆ ಬರುವುದಿಲ್ಲ' ಎಂಬ ವಾಕ್ಯ ಒಂದು ಅರ್ಥದಲ್ಲಿ ಹೊಗಳಿಕೆ, ಇನ್ನೊಂದರಲ್ಲಿ ದೂರು. ಬೆವೆಲ್‌ಗೆ 'ಓರೆ' ಉಳಿಸಿಕೊಂಡು ಟೇಪರ್‌ಗೆ 'ಅಡಿಯಿರುಕು' ಎಂದು ಬದಲಿಸಲೇ? ಅತಿ ನಿಧಾನವಾದಾಗ ಸಂದು ಕೆಳಗೇ ಅಗಲವಾಗುವುದೂ ಉಂಟು, ಆಗ ಈ ಪದವೂ ಕೈಕೊಡುತ್ತದೆ. ಲೇತ್ ಕೆಲಸ ಬಲ್ಲವರು, ಕಲ್ಲುಕೆಲಸದ ಮಾತು ಕೇಳಿದವರು ಯಾರಾದರೂ ಇದಕ್ಕೆ ಬಳಕೆಯ ಪದವನ್ನು ಬಲ್ಲಿರಾ?