ಮೂರನೇ ಕ್ಲಾಸ್ ‘ಬಿ’ ಸೆಕ್ಷನ್ನಿನ ಎಂಎಲ್ಎ

ದಾವಣಗೆರೆ ವಿದ್ಯಾನಗರ, ಸಂಜೆ ಆರೂವರೆ, ಮಂಡಕ್ಕಿ ಅಂಗಡಿ ಮುಂದಿನ ಬೆಂಚು. ಖಾರಾ ಮಂಡಕ್ಕಿ ನಾಲ್ಕು ಪ್ಲೇಟು, ಮಿರ್ಚಿ ಎಂಟು. ಬೆಂಚಿನ ಮೇಲೆ ಬ್ಯಾಂಕಣ್ಣ, ಸರ್ಕಾರಿ ಶಾಲೆ ಮೇಷ್ಟ್ರು, ಟೈಲರ್ ಅಕ್ಕ ಮತ್ತು ಮೊನ್ನೆಯಷ್ಟೇ ಮಗಳ ಕ್ಲಾಸಿಗೆ ಪೋಷಕ ಪ್ರತಿನಿಧಿಯಾದ ತಮ್ಮ. ತಮ್ಮನ ಪಕ್ಕದಲ್ಲಿ ಮಗಳ ಸ್ಕೂಲ್ ಬ್ಯಾಗು. ಬೆಂಚಿನಲ್ಲಿ ಒಬ್ಬರ ಜಾಗ ಅದೇ ಹಿಡಿದಿದೆ.

ಬ್ಯಾಂಕಣ್ಣ: ಏನೋ ತಮ್ಮಾ, ಅವಿರೋಧ ಆಯ್ಕೆಯಂತೆ!

ತಮ್ಮ: ಹ್ಞೂಂ ಅಣ್ಣಾ. ವಿರೋಧ ಮಾಡಿದೋರಿಗೇ ಕೊಡ್ತೀವಿ ಅಂತ ಮೇಡಂ ಮೊದ್ಲೇ ಹೇಳಿಬಿಟ್ರು.

ಮೇಷ್ಟ್ರು: ಅಧಿಕಾರ ಏನೇನು ಐತೆ ಅಂತ ಕೇಳಿದ್ಯಾ? ನಮ್ ಸರ್ಕಾರಿ ಶಾಲೇಲಾದ್ರೆ ಎಸ್‌ಡಿಎಂಸಿ ಐತೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, 2001ರಿಂದ ನಡೀತಾ ಐತೆ. ಅಧ್ಯಕ್ಷರು ಪೋಷಕರಲ್ಲೇ ಒಬ್ರು, ಹೆಡ್ಮಾಸ್ಟ್ರು ಕಾರ್ಯದರ್ಶಿ. 2009ರ ಶಿಕ್ಷಣ ಹಕ್ಕು ಕಾಯ್ದೆ 21ನೇ ಕಲಂ ಪ್ರಕಾರ ಸಮಿತಿಯಾಗೆ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧ ಹೆಣ್ಮಕ್ಳಿರಬೇಕು. ನಿಮ್ದು ಅನುದಾನ ಇಲ್ಲದ ಖಾಸಗಿ ಶಾಲೆ. ಆ ಕಲಮ್ಮು ನಿಮ್ ಗೇಟಿನ ಹೊರಗೇ ನಿಂತ್ಕೊಳ್ತದೆ.

ಅಕ್ಕ: ಅಂದ್ರೆ ಮೆಣಸಿನಕಾಯಿ ಇಲ್ಲದ ಮಿರ್ಚಿ ಅನ್ರಿ.

ಬ್ಯಾಂಕಣ್ಣ: ಬರೇ ಹಿಟ್ಟು. ಆದ್ರೆ ಎಣ್ಣೆಗೆ ಬೀಳೋದು ಮಾತ್ರ ತಪ್ಪಲ್ಲ.

ಮೇಷ್ಟ್ರು: ಹಂಗಂತ ಅಧಿಕಾರ ಇದ್ದೋರೆಲ್ಲ ಕೆಲಸ ಮಾಡ್ತಾರೆ ಅನ್ಕೋಬ್ಯಾಡ. ಬಿಸಿಯೂಟ ಬಡಿಸೋಕ್ ಮುಂಚೆ ದೊಡ್ಡೋರು ರುಚಿ ನೋಡಬೇಕು ಅಂತ ನಿಯಮ. ಕೆಲವು ಸದಸ್ಯರು ಬರ್ತಾರೆ, ಒಂದ್ ಸೌಟು ನೆಕ್ತಾರೆ, ‘ಉಪ್ಪು ಸರಿ ಐತೆ’ ಅಂದು ಹೋಗ್ತಾರೆ. ಉಪ್ಪು ಯಾವಾಗ್ಲೂ ಸರಿ ಇರ್ತದೆ ಕಣೋ! ನೋಡಬೇಕಾದ್ದು ಬೇಳೆ. ಐದನೇ ಕ್ಲಾಸಿನ ತನಕ ಮಗುಗೆ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50. ಅವತ್ತು 60 ಮಕ್ಳು ಬಂದಿದ್ರೆ ಅಕ್ಕಿ ಆರು ಕೆಜಿ, ಬೇಳೆ ಒಂದು ಕೆಜಿ ಇನ್ನೂರು, ತರಕಾರಿ ಮೂರು ಕೆಜಿ. ಈ ಲೆಕ್ಕ ಬಾಯಿಪಾಠ ಇರೋ ಒಬ್ಬ ತಾಯಿ ಅಡುಗೆಮನೆ ಬಾಗ್ಲಲ್ಲಿ ನಿಂತ್ರೆ ಸಾಕು, ಅವತ್ತು ಸಾರು ತಾನೇ ಗಟ್ಟಿ ಆಗ್ತದೆ.

ತಮ್ಮ: ನಂಗೆ ಸಾರೂ ಇಲ್ಲ, ಸೌಟೂ ಇಲ್ಲ. ಇರೋದು ವಾಟ್ಸಾಪ್ ಗ್ರೂಪು ಮೇಷ್ಟ್ರೇ. 44 ಮಕ್ಳು, 81 ನಂಬರು.

ಬ್ಯಾಂಕಣ್ಣ: ಮೊದಲ್ನೇ ಕೆಲಸ, ಇವತ್ತು ರಾತ್ರಿನೇ, ಆ ಗ್ರೂಪಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯೋ ಹಂಗೆ ಸೆಟ್ಟಿಂಗ್ ಹಾಕು. ಹರಟೆಗೆ ಬೇಕಾದ್ರೆ ಇನ್ನೊಂದು ಗ್ರೂಪ್ ಮಾಡ್ಕೊಳ್ಲಿ. ಒಂದೇ ಗ್ರೂಪಿದ್ರೆ ‘ನಾಳೆ ಆಧಾರ್ ಜೆರಾಕ್ಸ್ ತರಬೇಕು’ ಅನ್ನೋ ಮೆಸೇಜು, ಒಂಬತ್ತು ಗುಲಾಬಿ ಹೂವು, ಎರಡು ಶುಭೋದಯ, ಯಾರದೋ ಸೈಟು ಮಾರಾಟಕ್ಕಿದೆ ಅನ್ನೋದರ ಅಡಿಗೆ ಹೂತು ಹೋಗ್ತದೆ. ಆಮೇಲೆ ರಾತ್ರಿ ಹತ್ತೂವರೆಗೆ ಜೆರಾಕ್ಸ್ ಅಂಗಡಿ ಯಾವುದು ತೆಗ್ದೈತೆ ಅಂತ ನಿಂಗೇ ಫೋನು.

ಅಕ್ಕ: ಅಡ್ಮಿನ್ ಇಬ್ರಿರ್ಲಿ. ಒಬ್ರು ತಾಯಿ ಕಡ್ಡಾಯ. ನಿನ್ ಫೋನ್ ಚಾರ್ಜ್ ಹೋದ ದಿನಾನೇ ಶಾಲೆ ರಜಾ ಕೊಡ್ತದೆ.

ತಮ್ಮ: ಅಭಿಪ್ರಾಯ ಕೇಳೋಕೆ ಪೋಲ್ ಹಾಕಿದ್ರೆ ಆಯ್ತಲ್ವಾ?

ಬ್ಯಾಂಕಣ್ಣ: ಪೋಲ್ ಹಾಕು, ಆದ್ರೆ ಮಗುಗೆ ಒಂದೇ ಓಟು ಅಂತ ಮೇಲೆ ಬರಿ. ಇಲ್ಲಾಂದ್ರೆ 44 ಮಕ್ಳಿಗೆ 63 ಓಟು ಬೀಳ್ತವೆ. ಅಪ್ಪ ಹೂಂ, ಅಮ್ಮ ಉಹೂಂ. ಆ ಮನೆ ಜಗಳ ಬಿಡಿಸೋದೂ ನಿನ್ ತಲೆಗೆ.

(ಎರಡನೇ ಸುತ್ತಿನ ಮಿರ್ಚಿ ಬಂತು. ಮೇಷ್ಟ್ರು ಒಂದನ್ನು ಮುರಿದು ಉಫ್ ಉಫ್ ಅಂತ ಊದುತ್ತಿದ್ದಾರೆ.)

ತಮ್ಮ: ಅಣ್ಣಾ, ದುಡ್ಡಿನ ವಿಷಯ ಹೇಳು. ಚಿತ್ರದುರ್ಗ ಕೋಟೆ ಪ್ರವಾಸ ಐತೆ. ಬಸ್ಸಿಗೆ ಟೋಲ್ ಎಲ್ಲಾ ಸೇರಿ 9,900. 44 ಮಕ್ಳು, ತಲೆಗೆ 225 ಅಂತ ಹಾಕಣ ಅಂತಿದೀನಿ.

ಬ್ಯಾಂಕಣ್ಣ: ಸತ್ತೆ ನೀನು.

ತಮ್ಮ: ಯಾಕೆ? ಲೆಕ್ಕ ಸರಿ ಐತಲ್ಲ?

ಬ್ಯಾಂಕಣ್ಣ: ಲೆಕ್ಕ ಸರಿ, ಮಕ್ಳು ತಪ್ಪು. 44ರಲ್ಲಿ ಇಬ್ರಿಗೆ ಜ್ವರ, ಒಬ್ನಿಗೆ ಸೋದರಮಾವನ ಮದುವೆ, ಮೂರು ಜನದ ಅಜ್ಜಿಗೆ ಕೋಟೆ ಅಂದ್ರೆ ಭಯ. ಬರೋರು 38. 225ರ ಲೆಕ್ಕದಲ್ಲಿ ಬರೋದು 8,550. ಉಳಿದ 1,350 ನಿನ್ ಜೇಬಿಂದ. ಅದಕ್ಕೇ ಮೊದ್ಲು ಹೆಸರು ತಗೋ, ಕೊನೆ ದಿನ ಹೇಳು, ಅವತ್ತು ಪಟ್ಟಿ ಮುಚ್ಚು, ಆಮೇಲೆ ಭಾಗಿಸು. 38ಕ್ಕೆ 260 ಚಿಲ್ಲರೆ ಬರ್ತದೆ, 270 ಅಂತ ಮಾಡು. 360 ಉಳೀತದೆ. ಲಿಂಬೆಹಣ್ಣು, ವಾಂತಿ ಕವರು, ಹತ್ತಿ, ಬ್ಯಾಂಡೇಜು ಅದ್ರಲ್ಲೇ ಮುಗೀಲಿ. ಬಿಲ್ಲಿನ ಫೋಟೋ ಅವತ್ತೇ ಗ್ರೂಪಿಗೆ ಹಾಕು. ಮೂರು ದಿನ ಬಿಟ್ಟು ಹಾಕಿದ್ರೆ ಅದು ಲೆಕ್ಕ ಅನಿಸ್ಕೊಳಲ್ಲ, ಸಬೂಬು ಅನಿಸ್ಕೊಳ್ತದೆ.

ಮೇಷ್ಟ್ರು: ಶಾಲೆ ರಸೀದಿ ಕೊಟ್ರೆ ಅಲ್ಲೇ ಕಟ್ಟಿಸಿಬಿಡು. ಪರರ ದುಡ್ಡು ನಿನ್ ಖಾತೆಗೆ ಬರೋದೇ ಬ್ಯಾಡ.

ಬ್ಯಾಂಕಣ್ಣ: ಕೊಡದಿದ್ರೆ ಒಂದು ಉಪಾಯ ಐತೆ. ಫೋನ್‌ಪೇಲಿ ದುಡ್ಡು ಬರ್ತದೆ, ಮಗುವಿನ ಹೆಸರು ಬರಲ್ಲ. ಅಜ್ಜನ ಹೆಸರು ಬರ್ತದೆ, ಇಲ್ಲಾ ಅಪ್ಪನ ಅಂಗಡಿ ಹೆಸರು. ‘ಹಾರ್ಡ್‌ವೇರ್ ಅಂಡ್ ಪೇಂಟ್ಸ್’ ಅಂತ ಬಂದ್ರೆ ಅದು ಯಾವ ಮಗು ಅಂತ ಹುಡುಕ್ತೀಯ? ಅದಕ್ಕೆ ರೋಲ್ ನಂಬರನ್ನ ಪೈಸೆ ಮಾಡ್ಸು. ರೋಲ್ ನಂಬರ್ 17 ಆದ್ರೆ 270 ರೂಪಾಯಿ 17 ಪೈಸೆ. 5 ಆದ್ರೆ 270.05. ಸೊನ್ನೆ ಮರೀಬಾರ್ದು. ಮರೆತು .5 ಅಂತ ಹೊಡೆದ್ರೆ ಅದು 50 ಪೈಸೆ. ನಿಮ್ ಕ್ಲಾಸಲ್ಲಿ 50ನೇ ನಂಬರೇ ಇಲ್ಲ, ಹಂಗಾಗಿ ಆ ತಪ್ಪು ಅಲ್ಲೇ ಸಿಕ್ಕಿಬೀಳ್ತದೆ. 1ರಿಂದ 4ರ ತನಕದೋರು ಸೊನ್ನೆ ಮರೆತ್ರೆ ಮಾತ್ರ 10, 20, 30, 40ನೇ ನಂಬರಿನ ಜೊತೆ ಕಲಸಿಹೋಗ್ತದೆ, ಅವ್ರಿಗೆ ಎರಡ್ ಸಲ ಹೇಳು.

ಅಕ್ಕ: ಅಯ್ಯೋ, ಪೈಸೆಗೂ ಒಂದು ಮರ್ಯಾದೆ ಬಂತಲ್ಲಪ್ಪ!

ಮೇಷ್ಟ್ರು: ಕೋಟೆ ವಿಷಯ ನಾನು ಹೇಳ್ತೀನಿ. ಇಲ್ಲಿಂದ ಸುಮಾರು 60 ಕಿಲೋಮೀಟರು. ಬೆಳಿಗ್ಗೆ ಇಡ್ಲಿ ತಿನ್ಸಿ ಕಳ್ಸಿ ಅಂತ ಬರಿ. ಪ್ರವಾಸದ ಖುಷಿಗೆ ಅಂತ ಬೆಣ್ಣೆ ದೋಸೆ ತಿನ್ಸಿದ್ರೆ ಆ ಬೆಣ್ಣೆ ಹೆದ್ದಾರೀಲಿ ವಾಪಸ್ ಬರ್ತದೆ. ವಾಂತಿ ಮಾಡೋ ಮಕ್ಳ ಹೆಸರು ಮೊದ್ಲೇ ಕೇಳ್ಕೊಂಡು ಮುಂದಿನ ಸೀಟಿಗೆ ಕೂರ್ಸು. ಕೋಟೇಲಿ 15 ವರ್ಷದೊಳಗಿನ ಮಕ್ಳಿಗೆ ಪುರಾತತ್ವ ಇಲಾಖೆ ಟಿಕೆಟ್ ಇಲ್ಲ, ದೊಡ್ಡೋರಿಗಷ್ಟೆ. ಶಾಲೆ ಲೆಟರ್‌ಹೆಡ್ಡಲ್ಲಿ ಹೆಸರು, ವಯಸ್ಸಿನ ಪಟ್ಟಿ ಎರಡು ಪ್ರತಿ ಇಟ್ಕೊ. ಊಟದ ಬುತ್ತಿ ಬಸ್ಸಲ್ಲೇ ಇರ್ಲಿ, ಮೇಲಕ್ಕೆ ಒಯ್ಯಬ್ಯಾಡ್ರಿ. ಅಲ್ಲಿನ ಮಂಗಗಳಿಗೆ ಪ್ಲಾಸ್ಟಿಕ್ ಕವರು ಚರಚರ ಅಂದ್ರೆ ಸಾಕು, ಅದೇ ಊಟದ ಬೆಲ್ಲು.

ತಮ್ಮ: ಎಣಿಸೋದು ಹೆಂಗೆ? 38 ಮಕ್ಳು ಒಂದ್ ಕಡೆ ನಿಲ್ಲಲ್ಲ.

ಮೇಷ್ಟ್ರು: ಓಬವ್ವನ ಕಿಂಡಿ ಇರೋದೇ ಅದಕ್ಕೆ! ಒಂದ್ಸಲಕ್ಕೆ ಒಬ್ರೇ ನುಸುಳಬೇಕು. ಆ ಕಡೆ ಒಬ್ರು, ಈ ಕಡೆ ಒಬ್ರು ನಿಂತು ಎಣಿಸಿ. ಓಬವ್ವನೂ ಒಂದು, ಎರಡು, ಮೂರು ಅಂತ ಅಲ್ಲೇ ಎಣಿಸಿದ್ದು. ಒಂದೇ ತೊಂದರೆ, ಪ್ರತಿ ಮಗುನೂ ನೀರಿನ ಬಾಟ್ಲಿನೇ ಒನಕೆ ಮಾಡ್ಕೊಂಡು ಹಿಂದೆ ಬರೋನ ತಲೆಗೆ ಎತ್ತುತ್ತೆ. ಬಾಟ್ಲಿ ಬ್ಯಾಗಿಗೆ ಹಾಕ್ಸಿ ಆಮೇಲೆ ನುಗ್ಸು. ಹೊಂಡಗಳ ಹತ್ರ ಮಾತ್ರ ಎಣಿಸೋಕೂ ನಿಲ್ಲಬ್ಯಾಡ, ಕೈ ಹಿಡಿಸ್ಕೊಂಡೇ ದಾಟ್ಸು.

ಅಕ್ಕ: ಶಾಲಾ ವಾರ್ಷಿಕೋತ್ಸವಕ್ಕೆ ನಂದೊಂದೇ ಮಾತು ತಮ್ಮಾ. ಡ್ಯಾನ್ಸ್ ಡ್ರೆಸ್ಸು ಬಾಡಿಗೆಗೆ ತರೋವಾಗ ವಯಸ್ಸು ಹೇಳಬ್ಯಾಡ, ಎದೆ ಸುತ್ತಳತೆ, ಎತ್ತರ ಹೇಳು. ಎಂಟು ವರ್ಷ ಅಂದ್ರೆ ಅಂಗಡಿಯೋನು ಎಲ್ಲಾರಿಗೂ ಒಂದೇ ಸೈಜು ಕಟ್ತಾನೆ. ಮಗುಗೆ ನಾಲ್ಕು ಪಿನ್ನು ಲೆಕ್ಕ ಹಿಡಿ, ಹನ್ನೆರಡು ಮಕ್ಳಿಗೆ 48, ಕಳೆಯೋಕೆ ಇನ್ನೊಂದು ಡಜನ್ನು.

ತಮ್ಮ: ಅದೆಲ್ಲಾ ಇರ್ಲಿ ಅಕ್ಕಾ, ದೂರು ಬರ್ತವಲ್ಲ? ‘ಅವ್ನು ನಮ್ ಹುಡ್ಗನ ರಬ್ಬರ್ ಕದ್ದ’, ‘ಫ್ಯಾನ್ ತಿರುಗಲ್ಲ’, ‘ಮಿಸ್ಸು ಬೈದ್ರು’…

ಬ್ಯಾಂಕಣ್ಣ: ಜರಡಿ ಹಿಡಿ. ಒಂದ್ ಮಗುವಿನ ದೂರಾದ್ರೆ ‘ಕ್ಲಾಸ್ ಟೀಚರ್ ಹತ್ರ ನೀವೇ ಮಾತಾಡ್ರಿ’. ಗ್ರೂಪಲ್ಲಿ ಇನ್ನೊಂದು ಮಗುವಿನ ಹೆಸರು ಬರೆದ್ರೆ ತಕ್ಷಣ ಅಳಿಸು. ಇಡೀ ಕ್ಲಾಸಿನ ದೂರಾದ್ರೆ ಮಾತ್ರ ನೀನು. ಅದೂ ಬಾಯಲ್ಲಿ ಅಲ್ಲ. ‘ನೀರು ಬರಲ್ಲ’ ಅಂದ್ರೆ ‘ನೋಡ್ತೀವಿ’ ಅಂತಾರೆ. ‘ಊಟದ ಹೊತ್ತಲ್ಲಿ ನಾಲ್ಕು ನಲ್ಲೀಲಿ ಎರಡರಲ್ಲಿ ನೀರಿಲ್ಲ, ಸೋಮವಾರ, ಮಂಗಳವಾರ, ಗುರುವಾರ’ ಅಂತ ಬರ್ದು ಕೊಡು, ಪ್ರತಿ ಮೇಲೆ ಸ್ವೀಕೃತಿ ಸಹಿ ಹಾಕಿಸ್ಕೊ. ಆಗ ಪ್ಲಂಬರ್ ಬರ್ತಾನೆ.

(ಅಂಗಡಿ ಅಜ್ಜ ಕೂರಲು ಜಾಗ ಮಾಡಿಕೊಳ್ಳೋಣವೆಂದು ಬ್ಯಾಗು ಎತ್ತಿದರು. “ಏನಪ್ಪಾ ಇದು, ಅರ್ಧ ಮೂಟೆ!” ಎನ್ನುತ್ತಾ ಮಂಡಕ್ಕಿ ತೂಗುವ ತಕ್ಕಡಿಗೇ ಇಟ್ಟರು. 4 ಕೆಜಿ 650 ಗ್ರಾಂ.)

ಮೇಷ್ಟ್ರು: ಮೂರರಿಂದ ಐದನೇ ಕ್ಲಾಸಿಗೆ ಎರಡರಿಂದ ಮೂರು ಕೆಜಿ ಅಂತ ಶಿಕ್ಷಣ ಇಲಾಖೆ 2019ರಲ್ಲೇ ಸುತ್ತೋಲೆ ಹೊರಡ್ಸೈತೆ. ಬಿಚ್ಚು, ನೋಡಣ.

(ಒಂದು ಲೀಟರಿನ ಸ್ಟೀಲ್ ಬಾಟಲಿ, ನೀರು ಸೇರಿ 1 ಕೆಜಿ 300. ಗಣಿತಕ್ಕೇ ಮೂರು ನೋಟ್‌ಬುಕ್ಕು. ಹೋದ ವರ್ಷದ ಡೈರಿ. ತಳದಲ್ಲಿ ಎರಡು ಬೆಣಚುಕಲ್ಲು, ಒಂದಕ್ಕೆ ಕಣ್ಣು ಮೂಗು ಬಿಡಿಸಿದೆ.)

ತಮ್ಮ: ನಾಳೆನೇ ಹೋಗಿ ಹೆಡ್‌ಮೇಡಂಗೆ ಹೇಳ್ತೀನಿ!

ಬ್ಯಾಂಕಣ್ಣ: ಒಂದ್ ಬ್ಯಾಗ್ ತೂಗಿ ಹೋದ್ರೆ ಅದು ನಿನ್ ಮಗಳ ದೂರು. ‘ಕಲ್ಲು ತೆಗೀರಿ’ ಅಂತ ಕಳಿಸ್ತಾರೆ. ವಾರದಲ್ಲಿ ಐದು ದಿನ, ದಿನಕ್ಕೆ ನಾಲ್ಕು ಬೇರೆ ಬೇರೆ ಮಕ್ಳ ಬ್ಯಾಗ್ ತೂಗು. ಪಕ್ಕದಲ್ಲಿ ಆ ದಿನದ ಟೈಮ್‌ಟೇಬಲ್ ಬರಿ. ಯಾವ ದಿನ ಭಾರ ಅಂತ ಗೊತ್ತಾದ್ರೆ ಏನ್ ಕೇಳಬೇಕು ಅಂತಾನೂ ಗೊತ್ತಾಗ್ತದೆ. 200 ಪುಟದ ನೋಟ್ಸ್ ಬದ್ಲು 100 ಪುಟದ್ದು, ಕುಡಿಯೋ ನೀರು ಶಾಲೇಲೇ.

ಅಜ್ಜ: ತೂಗಿದ್ದಾತಲ್ಲ, ಇಳಿಸ್ರಪ್ಪ. ಗಿರಾಕಿ ನಿಂತಾರೆ.

ಗಿರಾಕಿ: ಸಾರ್, ನೀವು ಥರ್ಡ್ ಬಿ ಪ್ರತಿನಿಧಿ ಅಲ್ವಾ? ನಾಳೆ ಯೂನಿಫಾರ್ಮೋ, ಕಲರ್ ಡ್ರೆಸ್ಸೋ?

ತಮ್ಮ: ಮಧ್ಯಾಹ್ನನೇ ಗ್ರೂಪಿಗೆ ಹಾಕಿದೀನಲ್ರಿ!

ಗಿರಾಕಿ: ಹೌದಾ? ನಾನದನ್ನ ಮ್ಯೂಟ್ ಮಾಡಿಟ್ಟೀನಿ.

(ತಮ್ಮ ಬಾಯಿ ತೆರೆದ. ಮಾತು ಹೊರಡುವ ಮುಂಚೆ ಅಕ್ಕ ಅದಕ್ಕೊಂದು ಮಿರ್ಚಿ ತುರುಕಿದರು.)