1860ರ ಆಸುಪಾಸು ಹುಟ್ಟಿದವರಲ್ಲಿ ನಮ್ಮ ಹಾಸನದ ಕಡೆಯವರು ಯಾರಿದ್ದಾರೆ?

ಹೇಮಾವತಿ_ತೀರ
ಮಗಳಿಗೆ ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. 1850ರಿಂದ 1865ರ ಒಳಗೆ ಹುಟ್ಟಿದ ಯಾರಾದರೂ ದೊಡ್ಡವರ ಬಗ್ಗೆ ಬರೆಯಬೇಕು, ಅವರಿಗೂ ನಮ್ಮ ಜಿಲ್ಲೆಗೂ ಏನಾದರೂ ನಂಟಿರಬೇಕು. ಎಲ್ಲರೂ ವಿಶ್ವೇಶ್ವರಯ್ಯನವರನ್ನೇ ಬರೆಯುತ್ತಾರೆ, ನನಗೆ ಬೇಡ ಅಂತ ಇವಳ ಹಟ. ಅಂದಹಾಗೆ ಅವರು ಹುಟ್ಟಿದ್ದು 1860ರಲ್ಲೋ 61ರಲ್ಲೋ? ಮನೆಯಲ್ಲಿರುವ ಎರಡು ಪುಸ್ತಕದಲ್ಲಿ ಎರಡು ಥರ ಇದೆ.

ಕಾಫಿಸೀಮೆಯವ
ಎರಡೂ ಚಾಲ್ತಿಯಲ್ಲಿವೆ. ಶತಮಾನೋತ್ಸವದ ಅಂಚೆಚೀಟಿ ಬಂದಿದ್ದು 1960ರಲ್ಲಿ, ಆದರೆ ಈಗ ಜಾಸ್ತಿ ಕಾಣೋದು 1861. ಆ ಕಾಲದವರ ವಿಷಯದಲ್ಲಿ ಈ ಗೊಂದಲ ಇದ್ದದ್ದೇ. ಮನೆಯಲ್ಲಿ ನೆನಪಿಡುತ್ತಿದ್ದದ್ದು ಸಂವತ್ಸರ, ಅದು ಬದಲಾಗೋದು ಯುಗಾದಿಗೆ. ಶೃಂಗೇರಿಯ ಸಚ್ಚಿದಾನಂದ ಶಿವಾಭಿನವ ನೃಸಿಂಹಭಾರತಿಗಳನ್ನೇ ನೋಡಿ, ಹುಟ್ಟಿದ್ದು 1858ರ ಮಾರ್ಚಲ್ಲಿ, ಆದರೆ ಯುಗಾದಿಗೆ ಇನ್ನೂ ನಾಲ್ಕೈದು ದಿನ ಇತ್ತು, ಹಾಗಾಗಿ 1857ರಲ್ಲಿ ಶುರುವಾದ ಪಿಂಗಳ ಸಂವತ್ಸರವೇ ನಡೀತಿತ್ತು. ಸಂವತ್ಸರ ಮಾತ್ರ ಗೊತ್ತಿದ್ದವರು 57 ಅಂತ ಬರೆದರೂ ಆಶ್ಚರ್ಯ ಇಲ್ಲ.

ವಿಶ್ವೇಶ್ವರಯ್ಯನವರ ನಂಟು ನಮ್ಮ ಚಿಕ್ಕಮಗಳೂರಿಗಿದೆ ಬಿಡಿ. ಅವರು ಶುರುಮಾಡಿಸಿದ ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ನಮ್ಮ ಕೆಮ್ಮಣ್ಣುಗುಂಡಿಯಿಂದ, ರೋಪ್‌ವೇ ಮೇಲೆ.

ಅರಕಲಗೂಡಿನ_ಹುಡುಗ
ಶಾಮಾಶಾಸ್ತ್ರಿಗಳನ್ನು ಮರೆತೇಬಿಟ್ರಾ! ನಮ್ಮ ತಾಲ್ಲೂಕಿನ ರುದ್ರಪಟ್ಟಣದವರು. ರುದ್ರಪಟ್ಟಣ ಅಂದರೆ ಎಲ್ಲರಿಗೂ ಸಂಗೀತ, ತಂಬೂರಿ ಆಕಾರದ ದೇವಸ್ಥಾನ, ಅಷ್ಟೇ ಗೊತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇದೆ ಅಂತ 1905ರಲ್ಲಿ ಗುರುತಿಸಿದ್ದು ಇವರೇ. ಅದು ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಅನ್ನೋ ಲಿಪಿಯಲ್ಲಿತ್ತು. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಇಂಗ್ಲಿಷಿಗೂ ಅವರೇ ತಂದರು. ಅಲ್ಲಿವರೆಗೆ ಆ ಗ್ರಂಥ ಕಳೆದೇಹೋಯಿತು ಅಂದುಕೊಂಡಿದ್ದರು.

ಹೇಮಾವತಿ_ತೀರ
ಓದಿ ಮೈ ಜುಮ್ಮೆಂದಿತು. ಆದರೆ ಹುಟ್ಟಿದ್ದು 1868 ಅಂತಿದೆಯಲ್ಲ, ಮೂರು ವರ್ಷ ಆಚೆ ಹೋಯಿತು. ಇವಳ ಮೇಡಂ ಸ್ವಲ್ಪ ಕಟ್ಟುನಿಟ್ಟು.

ಶಾಸನದ_ಹುಚ್ಚ
ಹಾಗಿದ್ದರೆ ಆರ್. ನರಸಿಂಹಾಚಾರ್ಯರು. 1860, ಸರಿಯಾಗಿ ಒಳಗೇ ಬರುತ್ತಾರೆ. ಹುಟ್ಟೂರು ಮಂಡ್ಯದ ಕಡೆ ಕೊಪ್ಪಲು. ಕನ್ನಡ ಓದಿದವರಿಗೆ ಕವಿಚರಿತೆಯ ಮೂರು ಸಂಪುಟದಿಂದ ಗೊತ್ತು, ಆದರೆ ಹಾಸನದವರು ನೆನೆಯಬೇಕಾದ್ದು ಬೇರೆ ಕಾರಣಕ್ಕೆ. ಬೇಲೂರು ಕೇಶವನ ಗುಡಿ ಬಗ್ಗೆ ಒಂದು, ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ಗುಡಿ ಬಗ್ಗೆ ಒಂದು, ಎರಡು ಪುಸ್ತಕ 1919ರಲ್ಲೇ ತಂದರು. ಬೇಲೂರಿಗೆ ಯಾರು ಬೇಕಾದರೂ ಹೋಗುತ್ತಾರೆ, ದೊಡ್ಡಗದ್ದವಳ್ಳಿ ಕೆರೆ ಏರಿ ಪಕ್ಕದ ಆ ಗುಡಿಯನ್ನು ಆಗಲೇ ಅಷ್ಟು ಕೂತು ನೋಡಿ ಬರೆದರಲ್ಲ, ಅದು ನನಗೆ ದೊಡ್ಡದು.

ಇನ್ನೊಂದು ಮಜಾ ಹೇಳ್ತೀನಿ. ಮೈಸೂರು ಪುರಾತತ್ವ ಇಲಾಖೆಯಲ್ಲಿ ಇವರಿಗಿಂತ ಮುಂಚೆ ಇದ್ದದ್ದು ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದ ಇಂಗ್ಲಿಷರವರು, ಹಾಸನ ಜಿಲ್ಲೆಯ ಶಾಸನಗಳ ಸಂಪುಟ 1902ರಲ್ಲಿ ತಂದವರು. 1906ರಲ್ಲಿ ಅವರ ಜಾಗಕ್ಕೆ ನರಸಿಂಹಾಚಾರ್ಯರು, 1922ರಲ್ಲಿ ಇವರ ಜಾಗಕ್ಕೆ ಅದೇ ನಿಮ್ಮ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. ಮೂವರೂ ಒಂದೇ ಕುರ್ಚಿ.

ಅರಕಲಗೂಡಿನ_ಹುಡುಗ
ನೋಡಿದ್ರಾ, ತಿರುಗಿ ನಮ್ಮೂರಿಗೇ ಬಂತು 😄

ಹೇಮಾವತಿ_ತೀರ
ನರಸಿಂಹಾಚಾರ್ಯರೇ ಅಂತಾಯಿತು. ಶಾಸ್ತ್ರಿಗಳನ್ನು ಕೊನೇ ಪ್ಯಾರಾದಲ್ಲಿ ಸೇರಿಸ್ತಾಳಂತೆ, ಮೇಡಂ ಏನೂ ಅನ್ನಲಿಕ್ಕಿಲ್ಲ. ಭಾನುವಾರ ದೊಡ್ಡಗದ್ದವಳ್ಳಿಗೆ ಹೋಗಿ ಫೋಟೋ ತೆಗೆದುಕೊಂಡು ಬರ್ತೀವಿ. ಬೆಳಿಗ್ಗೆ ಎಷ್ಟೊತ್ತಿಗೆ ಬಾಗಿಲು ತೆಗೀತಾರೆ, ಯಾರಿಗಾದರೂ ಗೊತ್ತಾ?