ಆಘಾತದ ನಂತರ ‘ಗಟ್ಟಿಯಾಗು’ ಅನ್ನಬಹುದಾ? – ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ಕಾರು ಅಪಘಾತದಲ್ಲಿ ನಮ್ಮ ಭಾವ ತೀರಿಕೊಂಡು ಐದು ತಿಂಗಳಾಯ್ತು. ಪಕ್ಕದ ಸೀಟಿನಲ್ಲಿದ್ದ ಅಕ್ಕ ಬದುಕಿಕೊಂಡಳು. ಈಗ ಕಾರು ಹತ್ತಲ್ಲ, ರಾತ್ರಿ ಅದೇ ಕನಸು ಬಿದ್ದು ಎದ್ದು ಕೂರ್ತಾಳೆ. ‘ಕಷ್ಟ ಮನುಷ್ಯರನ್ನ ಗಟ್ಟಿ ಮಾಡುತ್ತೆ’ ಅಂತ ಬಂದವರೆಲ್ಲ ಹೇಳ್ತಾರೆ. ನಿಜವಾ? ಬರೆದರೆ ಮನಸ್ಸು ಹಗುರ ಆಗುತ್ತಂತೆ, ಶುರು ಮಾಡಿಸಲಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಬಂದವರ ಆ ಮಾತನ್ನ ಮೊದಲು ತಡೆಯಿರಿ. ಆಘಾತದ ನಂತರ ಕೆಲವರು ಒಳ್ಳೇ ದಿಕ್ಕಿಗೆ ಬದಲಾಗೋದು, ಅಂದರೆ ಬೆಳೆಯೋದು ನಿಜ. ಮನಶ್ಶಾಸ್ತ್ರಜ್ಞರಾದ ಟೆಡೆಸ್ಕಿ ಮತ್ತು ಕಲ್ಹೂನ್ 1996ರಲ್ಲಿ ಅದನ್ನ ಅಳೆಯೋಕೆ 21 ಹೇಳಿಕೆಗಳ ಪ್ರಶ್ನಾವಳಿ ಮಾಡಿದರು. ಆಪ್ತರ ಜೊತೆಗಿನ ಸಂಬಂಧ, ಹೊಸ ದಾರಿಗಳು, ತನ್ನ ಶಕ್ತಿಯ ಅರಿವು, ಆಧ್ಯಾತ್ಮಿಕ ಬದಲಾವಣೆ, ಬದುಕಿನ ಬೆಲೆ ತಿಳಿಯೋದು ಅಂತ ಅದರಲ್ಲಿ ಐದು ಭಾಗ. ಆದರೆ ಅವರ ಪ್ರಕಾರವೇ ಬೆಳವಣಿಗೆ ತರೋದು ಘಟನೆಯಲ್ಲ, ಅದಾದ ಮೇಲಿನ ಗುದ್ದಾಟ. ನೋವು ಹೋದ ಮೇಲೆ ಬೆಳವಣಿಗೆ ಅಂತೇನಿಲ್ಲ, ಎರಡೂ ಒಟ್ಟಿಗೇ ಇರಬಹುದು. ಎಲ್ಲರಿಗೂ ಆಗಲೇಬೇಕು ಅಂತಲೂ ಇಲ್ಲ. ಈಗಲೇ ನಿರೀಕ್ಷೆ ಇಟ್ಟರೆ, ದುಃಖದ ಮೇಲೆ ‘ನಾನಿನ್ನೂ ಗಟ್ಟಿಯಾಗಿಲ್ಲವಲ್ಲ’ ಅನ್ನೋ ಅಪರಾಧಿ ಭಾವನೆಯೂ ಸೇರುತ್ತೆ.

ನೀವು ಹೇಳಿದ ಲಕ್ಷಣಗಳು ಒಂದು ತಿಂಗಳು ದಾಟಿದರೇ ಪಿಟಿಎಸ್‌ಡಿ (ಆಘಾತದ ನಂತರ ಉಳಿಯೋ ಮಾನಸಿಕ ಕಾಯಿಲೆ) ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು, ಇಲ್ಲಿ ಐದಾಗಿದೆ. ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆ) ಅಥವಾ ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ಕಹಿ ನೆನಪನ್ನ ಎದುರಿಸೋ ಚಿಕಿತ್ಸೆ) ಸಾಮಾನ್ಯವಾಗಿ 8ರಿಂದ 12 ಸೆಷನ್. ಕಾರಿನ ಭಯವನ್ನ ಚಿಕಿತ್ಸಕರ ಜೊತೆಯಲ್ಲೇ, ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಬೇಕು. ಭಯಕ್ಕೆ 0ಯಿಂದ 100ರವರೆಗೆ ಅಂಕ ಕೊಟ್ಟು, 30–40ರ ಕೆಲಸದಿಂದ ಶುರು: ನಿಂತ ಕಾರಿನಲ್ಲಿ ಬಾಗಿಲು ತೆರೆದು ಕೂರೋದು. ಅಂಕ ಅರ್ಧಕ್ಕಿಳಿಯೋವರೆಗೆ ಅಲ್ಲೇ ಇರಬೇಕು, ಅದೇ ಮೆಟ್ಟಿಲನ್ನ ಬೇರೆ ದಿನಗಳಲ್ಲೂ ಮಾಡಬೇಕು. ಕೆಡೋದು ಎಲ್ಲಿ ಅಂದ್ರೆ, ಭಯ ತುತ್ತತುದಿಯಲ್ಲಿದ್ದಾಗ ಇಳಿದುಬಿಟ್ಟರೆ ‘ಇಳಿದಿದ್ದಕ್ಕೇ ಬಚಾವಾದೆ’ ಅಂತ ಮೆದುಳು ಕಲಿಯುತ್ತೆ. ಕಣ್ಣು ಮುಚ್ಚಿ, ಯಾರದೋ ಕೈ ಬಿಗಿಯಾಗಿ ಹಿಡಿದು ಕೂತರೂ ಅಷ್ಟೇ.

ಮನೆಯಲ್ಲಿ ಮಾಡಬಹುದಾದ್ದು ಕನಸಿನ ಕೆಲಸ. ಹಗಲಲ್ಲಿ ಕನಸನ್ನ ಚುಟುಕಾಗಿ ಬರೆದು, ಅದರ ಒಂದು ಭಾಗವನ್ನ ಅವಳಿಗೆ ಬೇಕಾದ ಹಾಗೆ ಬದಲಿಸಿ, ಆ ಹೊಸ ರೂಪವನ್ನ ದಿನಾ 10–20 ನಿಮಿಷ ಕಲ್ಪಿಸಿಕೊಳ್ಳಲಿ. ತುಂಬಾ ಭಯದ ಕನಸನ್ನೇ ಮೊದಲು ಹಿಡಿಯೋದು ಬೇಡ.

ಬರವಣಿಗೆಗೆ ಆಮೇಲೆ ಬನ್ನಿ. ಮನಶ್ಶಾಸ್ತ್ರ ಸಂಶೋಧಕರಾದ ಪೆನ್ನೆಬೇಕರ್ ಮತ್ತು ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ ಬರೆಸಿದ್ದರು. ಬರೆದ ತಕ್ಷಣ ಮನಸ್ಸು ಭಾರ ಆಗೋದು ಸಹಜ, ಆದ್ದರಿಂದ ಮಲಗೋ ಹೊತ್ತಿಗೆ ಬೇಡ. ಪರಿಣಾಮ ಸಾಧಾರಣದ್ದೇ, ಚಿಕಿತ್ಸೆಗೆ ಬದಲಿ ಅಲ್ಲ. ಮೂರನೇ ದಿನವೂ ಅದೇ ವಾಕ್ಯಗಳು ಬರ್ತಿದ್ರೆ ಅದು ಬರೀ ಕೊರಗು, ನಿಲ್ಲಿಸಿ.

ಮತ್ತೊಬ್ಬ ಸದಸ್ಯರು: ಸರಿ ಹೋಗ್ತಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ? ಬಾಯಲ್ಲಿ ಎಲ್ಲರೂ ಚೆನ್ನಾಗಿದೀನಿ ಅಂತಾರೆ.

ಉತ್ತರ: ಅದಕ್ಕೇ ಮಾತು ಬಿಟ್ಟು ದಿನಚರಿ ನೋಡಿ. ಬಿಟ್ಟಿದ್ದ ಯಾವ ಕೆಲಸಕ್ಕೆ ಮರಳಿದ್ದಾರೆ, ತೀರಿಕೊಂಡವರ ಹೆಸರು ಬಂದಾಗ ಎದ್ದುಹೋಗದೆ ಕೂರ್ತಾರಾ? ಅತ್ತರೂ ಕೂತಿದ್ದರೆ ಒಳ್ಳೇದೇ. ಹಾಗಂತ ದುಃಖಕ್ಕೆ ಗಡುವು ಹಾಕಬೇಡಿ. ದಿನನಿತ್ಯದ ಬದುಕನ್ನೇ ನಿಲ್ಲಿಸುವಂಥ ತೀರಿಕೊಂಡವರಿಗಾಗಿನ ತೀವ್ರ ಹಂಬಲ ಆರು ತಿಂಗಳು ಮೀರಿದರೆ ಐಸಿಡಿ-11 (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ) ಅದನ್ನ ದೀರ್ಘಕಾಲದ ಶೋಕದ ಕಾಯಿಲೆ ಅನ್ನುತ್ತೆ, ಡಿಎಸ್‌ಎಂ (ಅಮೆರಿಕದ ಮನೋವೈದ್ಯರ ಕೈಪಿಡಿ) ವಯಸ್ಕರಿಗೆ ಹನ್ನೆರಡು ತಿಂಗಳು ಅನ್ನುತ್ತೆ. ‘ನಾನೂ ಹೋಗಿದ್ದರೆ’ ಅನ್ನೋ ಮಾತು ಬಂದರೆ ನೇರವಾಗಿ ಕೇಳಿ: ಸಾಯೋ ಯೋಚನೆ ಇದೆಯಾ? ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಒಂಟಿ ಬಿಡದೆ ಅವತ್ತೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮನೋವೈದ್ಯರೊಬ್ಬರು: ಒಂದು ಸೇರಿಸ್ತೀನಿ. ನಿದ್ದೆಗೆ ಅಂತ ಮನೆಯವರ ಕ್ಲೊನಜೆಪಮ್, ಆಲ್ಪ್ರಜೋಲಮ್‌ನಂಥ ಆತಂಕ ತಗ್ಗಿಸೋ ಮಾತ್ರೆ ಕೊಡಬೇಡಿ. ಪಿಟಿಎಸ್‌ಡಿಗೆ ಅವು ಸೂಕ್ತ ಅಲ್ಲ, ಚಟ ಬೇರೆ ಹಿಡಿಯುತ್ತೆ. ಈಗಾಗಲೇ ವಾರಗಟ್ಟಲೆ ನುಂಗ್ತಿದ್ದರೆ ದಿಢೀರ್ ಅಂತ ನಿಲ್ಲಿಸೋದೂ ಅಪಾಯ, ವೈದ್ಯರು ಹೇಳಿದ ಹಾಗೆ ಇಳಿಸಬೇಕು.